ಯಂತ್ರ ನೋಡಿ ಮಣೆ ಹಾಕುವ ಪರೀಕ್ಷೆಗೆ

ಕಂಪೈಲರ್ ಪರೀಕ್ಷಾ ಮಹಾಶಯರಿಗೆ ಚಿಮ್ಮನಚೋಡದಿಂದ ಶರಣು ಶರಣಾರ್ಥಿ.

ತಾವು ಕಾವಲಿಗೆ ಇಲ್ಲದಿದ್ದರೆ ಕಂಪೈಲರ್ ಸದ್ದಿಲ್ಲದೆ ತಪ್ಪು ಸೂಚನೆ ಬರೆದುಬಿಡುತ್ತದೆ. ಪ್ರೋಗ್ರಾಮ್ ಬರೆದವರು ತಪ್ಪು ತಮ್ಮದೇ ಎಂದುಕೊಂಡು ಒದ್ದಾಡುತ್ತಾರೆ. ಆ ಉಪಕಾರ ಮರೆಯುವವನಲ್ಲ. ತಮ್ಮ ಮೇಲೆ ಸಿಟ್ಟು ಬಂದಿರುವುದೂ ಅದಕ್ಕೇ.

ತಮ್ಮನ್ನು ಬರೆದವರ ಮೇಜಿನ ಮೇಲೆ ಎಕ್ಸ್86 ಯಂತ್ರವಿತ್ತು. ಯಾವ ಪ್ರೊಸೆಸರ್‌ಗೆ ಕೋಡ್ ಬೇಕೆಂದು ತಾವು ಬಾಯಿಬಿಟ್ಟು ಹೇಳಲಿಲ್ಲ; ಕಂಪೈಲರ್ ತಾನು ಕೂತ ಯಂತ್ರವನ್ನೇ ಗುರಿಯೆಂದುಕೊಂಡಿತು. ಅಲ್ಲಿ ಪಾಸು, ಆರ್ಮ್ ಬೋರ್ಡಿನ ಮೇಲೆ ನಪಾಸು. ಕಂಪೈಲರ್‌ನಲ್ಲಿ ಒಂದಕ್ಷರವೂ ಬದಲಾಗಿಲ್ಲ! ಲಿನಕ್ಸ್‌ನಲ್ಲಿ ಸಿ ಭಾಷೆಯ ಬರೀ 'ಚಾರ್' ಎಂದರೆ ಎಕ್ಸ್86 ಮೇಲೆ ಋಣಸಂಖ್ಯೆಯನ್ನೂ ಹಿಡಿಯುತ್ತದೆ, ಆರ್ಮ್ ಮೇಲೆ ಹಿಡಿಯದು. ಸಿ ಭಾಷೆ ಎರಡಕ್ಕೂ ಒಪ್ಪಿದೆ. ಹಳೆಯ ಎಕ್ಸ್87 ಘಟಕ 80 ಬಿಟ್‌ಗಳಲ್ಲಿ ಮಾಡುವ ದಶಮಾಂಶ ಲೆಕ್ಕವನ್ನು ಎಸ್‌ಎಸ್‌ಇ2 ಸೂಚನೆಗಳು 64 ಬಿಟ್‌ಗಳಲ್ಲಿ ಮಾಡುತ್ತವೆ. ಕೊನೆಯ ಅಂಕಿ ಬೇರೆಯಾಗಬಹುದು. ಭಾಷೆಯೇ ಕೊಟ್ಟ ಸಲಿಗೆಯನ್ನು ತಾವು ಅಪರಾಧವೆಂದು ಬರೆದುಕೊಳ್ಳುತ್ತೀರಿ.

ಹೊಸ ಯಂತ್ರ ಕೊಳ್ಳಿ ಎಂಬ ತಮ್ಮ ಅಪ್ಪಣೆಯನ್ನೂ ಶಿರಸಾವಹಿಸುತ್ತಿದ್ದೆವು. ಆದರೆ ಇಂಟೆಲ್ 2021ರಲ್ಲಿ ಮೊದಲು ತಂದ ಪ್ರೊಸೆಸರ್ ರಾಕೆಟ್ ಲೇಕ್‌ನಲ್ಲಿ ತಾವು ಬೇಡುವ ಎವಿಎಕ್ಸ್-512 ಸೂಚನೆಗಳಿದ್ದವು, ಅದೇ ವರ್ಷದ ಕೊನೆಗೆ ಬಂದ ಆಲ್ಡರ್ ಲೇಕ್‌ನಲ್ಲಿ ಅಧಿಕೃತವಾಗಿ ಇರಲಿಲ್ಲ. ಹೊಸದು ಕೊಂಡವರಿಗೇ ಕೈಕೊಟ್ಟಿರಿ. ನಮ್ಮ ಚಿಂಚೋಳಿ ಸೀಮೆಯಲ್ಲಿ ತೊಗರಿ ಮಾರಿದ ದುಡ್ಡಿನಲ್ಲಿ ಒಂದೇ ಲ್ಯಾಪ್‌ಟಾಪ್ ಕೊಂಡು ಕಂಪೈಲರ್ ಕಲಿಯುವ ಹುಡುಗಿ ತಮ್ಮ ಕೆಂಪು ಅಕ್ಷರ ನೋಡಿ ತನಗೇ ಬುದ್ಧಿ ಸಾಲದೆಂದು ಕೈಬಿಟ್ಟರೆ, ಆ ನಷ್ಟ ಯಾರ ಲೆಕ್ಕಕ್ಕೆ?

ಪಾದಕ್ಕೆರಗಿ ಒಂದು ಬಿನ್ನಹ. ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಸಲಕರಣೆಯಲ್ಲಿ ಗುರಿ ಹೇಳಲು 'ಎಂಟ್ರಿಪಲ್' ಆಯ್ಕೆಯಿದೆ. ಗುರಿಯನ್ನು ಹೆಸರಿಟ್ಟು ಹೇಳಿ. ಕಂಪೈಲರ್ ಬರೆದ ಅಸೆಂಬ್ಲಿಯನ್ನು ಅದರದೇ ಫೈಲ್‌ಚೆಕ್ ಸಾಧನದಿಂದ ಓದಿಸಿ. ಆಗ ರಿಸ್ಕ್-ಫೈವ್ ಪ್ರೊಸೆಸರಿನ ಕೋಡನ್ನು ಎಕ್ಸ್86 ಮೇಲೆ ಕೂತೇ ಪರೀಕ್ಷಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉದಯ್ ಬೊಂದುಗುಲ ಅವರ ಪ್ಲೂಟೋ ಎಂಬ ಸಾಧನ ಸಿ ಪ್ರೋಗ್ರಾಮನ್ನು ಸಿ ಭಾಷೆಗೇ ಮಾರ್ಪಡಿಸುತ್ತದೆ. ಲೂಪುಗಳನ್ನು ಅದು ಹೇಗೆ ಹೆಣೆದಿದೆ ಎಂದು ತಿಳಿಯಲು ಆ ಬರಹ ಓದಿದರೆ ಸಾಕು, ಯಾವ ಯಂತ್ರದ ಹಂಗೂ ಇಲ್ಲ.

ಓಡಿಸಲೇಬೇಕಾದ ಪರೀಕ್ಷೆಗಳೂ ಇವೆ, ಒಪ್ಪುತ್ತೇನೆ. ಅವಕ್ಕೆ ಬೇರೆ ಪ್ರೊಸೆಸರನ್ನು ಅನುಕರಿಸುವ ಕ್ಯೂಇಎಂಯು ಇದೆ. ಅದೂ ಇಲ್ಲದ ಕಡೆ ಜಿಸಿಸಿ ಕಂಪೈಲರಿನ ಪರೀಕ್ಷೆಗಳಂತೆ ಯಂತ್ರದ ಶಕ್ತಿಯನ್ನು ಮೊದಲು ವಿಚಾರಿಸಿ, 'ಇಲ್ಲಿ ಅನ್ವಯವಿಲ್ಲ' ಎನ್ನಿ. ದಯವಿಟ್ಟು 'ನಪಾಸು' ಎನ್ನಬೇಡಿ. ದಿನವೂ ಸುಳ್ಳು ನಪಾಸು ಕಂಡವರು ನಿಜವಾದ ನಪಾಸು ಬಂದ ದಿನವೂ ಅದನ್ನು ದಾಟಿ ಹೋಗುತ್ತಾರೆ, ತಪ್ಪು ಕೋಡ್ ಊರೆಲ್ಲ ಹಂಚಿಹೋಗುತ್ತದೆ.

ತಮ್ಮ ವಿಧೇಯ,
ಚಿಮ್ಮನಚೋಡದ ಒಬ್ಬ ಕಂಪೈಲರ್ ಅಭ್ಯಾಸಿ