ಲಾಲ್‌ಬಾಗಿನಿಂದ ಶಿರಾಕ್ಕೆ ಬರಬೇಕಾದ ಬಾಕಿ: ಒಂದು ಮಹಾಪ್ರಬಂಧದ ಸಾರ

ಮಂಗಳಾಚರಣೆ

ಮಾಲಿಯಿಲ್ಲದೆ, ಟಿಕೆಟ್ಟಿಲ್ಲದೆ, ಕಾಲಿಟ್ಟಲ್ಲೆಲ್ಲ ಮದ್ದಿನ ಗಿಡ ಬೆಳೆಸಿಕೊಂಡಿರುವ ಕೊರಟಗೆರೆ ಕಡೆಯ ಸಿದ್ದರಬೆಟ್ಟಕ್ಕೆ ಮೊದಲ ನಮಸ್ಕಾರ. ತೋಟವೆಂದರೆ ಬೆಂಗಳೂರು ಎಂಬ ಲೋಕದ ಭ್ರಮೆ ಮಾತ್ರ ಈ ಬೆಟ್ಟದ ಯಾವ ಬೇರಿಗೂ ಬಗ್ಗದ ಕಾರಣ, ಪ್ರಬಂಧ ಬರೆಯುವುದು ಅನಿವಾರ್ಯವಾಯಿತು.

ಅಧ್ಯಾಯ ಒಂದು: ಹಿನ್ನೆಲೆ

ಮೊಗಲ್ ಸೇನಾಪತಿ ಕಾಸಿಂ ಖಾನ್ 1687ರಲ್ಲಿ ಬೆಂಗಳೂರನ್ನು ಹಿಡಿದ. ಹಿಡಿದವನು ಅದನ್ನು ಇಟ್ಟುಕೊಳ್ಳಲಿಲ್ಲ. ಮೂರು ಲಕ್ಷ ರೂಪಾಯಿಗೆ ಚಿಕ್ಕದೇವರಾಜ ಒಡೆಯರಿಗೆ ಬಿಟ್ಟುಕೊಟ್ಟು, ಹೊಸ ಸುಬಾದ (ಮೊಗಲ್ ಪ್ರಾಂತ್ಯದ) ಅಧಿಕಾರಿಯಾಗಿ ಶಿರಾದಲ್ಲಿ ಕೂತ. ಎರಡೂರನ್ನೂ ನೋಡಿದ ಅನುಭವಸ್ಥನೊಬ್ಬನ ಈ ಆಯ್ಕೆಯಿಂದ, ವಾಸಕ್ಕೆ ಯಾವುದು ಯೋಗ್ಯ ಎಂಬ ಪ್ರಶ್ನೆ ಅಂದೇ ಇತ್ಯರ್ಥವಾಗಿದೆ. ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರಗಳು ಆಗ ಶಿರಾ ಸುಬಾದ ಪರಗಣಗಳು. ಇಂದು ಬೆಂಗಳೂರಿನ ಹೆಸರು ಹೇಳಿ ಸೈಟು ಮಾರುವ ಊರುಗಳು ಅಂದು ಶಿರಾದ ಹೆಸರು ಹೇಳಿ ಕಂದಾಯ ಕಟ್ಟುತ್ತಿದ್ದವು.

ಹದಿನೆಂಟನೇ ಶತಮಾನದಲ್ಲಿ ಶಿರಾದ ನವಾಬ ದಿಲಾವರ್ ಖಾನ್ ಇಲ್ಲಿ ಅರಮನೆ ಕಟ್ಟಿಸಿದ, ಖಾನ್‌ಬಾಗ್ ಎಂಬ ತೋಟ ಮಾಡಿಸಿದ. ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಇವನ ಅರಮನೆಯೇ ಮಾದರಿಯಂತೆ. ಲಾಲ್‌ಬಾಗಿಗೆ ಖಾನ್‌ಬಾಗ್ ಪ್ರೇರಣೆಯಾಗಿರಬಹುದು ಎನ್ನುತ್ತದೆ ಮೈಸೂರು ಗೆಜೆಟಿಯರ್. ಸಂಶೋಧನೆಯ ಶಿಸ್ತಿಗೆ ಬದ್ಧನಾದ ಪ್ರಬಂಧಕಾರನು ಈ ‘ಇರಬಹುದು’ವನ್ನು ಮೊದಲ ಪುಟದಲ್ಲಿ ಹಾಗೆಯೇ ಉಳಿಸಿಕೊಂಡು, ಎರಡನೆಯದರಲ್ಲಿ ‘ಹೌದು’ ಮಾಡಿ, ಮೂರನೆಯದರಿಂದ ಬಾಕಿ ಲೆಕ್ಕ ಹಾಕತೊಡಗಿದ್ದಾನೆ.

ಅಧ್ಯಾಯ ಎರಡು: ಪೂರ್ವಪಕ್ಷ ಖಂಡನೆ

ಮೊದಲ ಆಕ್ಷೇಪ: ಹೈದರಾಲಿ ಲಾಲ್‌ಬಾಗ್ ಶುರು ಮಾಡಿದ್ದು 1760ರಲ್ಲಿ, ಶಿರಾ ಅವನ ಕೈಸೇರಿದ್ದು 1761ರಲ್ಲಿ. ಮೂಲ ಸಿಗುವ ಮೊದಲೇ ನಕಲು ಹೇಗೆ?

ಸಮಾಧಾನ: ಪಕ್ಕದ ಮನೆಯಾಕೆಯ ಸೀರೆಯಂಥದ್ದೇ ಬೇಕೆನ್ನಲು ಆಕೆಯ ಬೀರು ವಶವಾಗಬೇಕಿಲ್ಲ. ಮೊದಲು ಅಂಥದ್ದೇ ತೋಟ ಹಾಕಿಸಿ, ಮರುವರ್ಷ ಮೂಲದ ಊರನ್ನೇ ಗೆದ್ದುಕೊಂಡದ್ದು ಸಾಕ್ಷಿ ನಾಶದ ಯತ್ನವೆಂದೇ ನಮ್ಮ ಸಿದ್ಧಾಂತ.

ಎರಡನೇ ಆಕ್ಷೇಪ: ಗಿಡಗಳು ಬಂದದ್ದು ದೆಹಲಿ, ಲಾಹೋರ್, ಮುಲ್ತಾನಿನಿಂದ.

ಸಮಾಧಾನ: ಗಿಡ ಅಲ್ಲಿಯದು, ಆಸೆ ಇಲ್ಲಿಯದು. 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆಗೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿ ಎಂದು ಬೆಂಗಳೂರಿನವರು ಎದೆಯುಬ್ಬಿಸಿ ಹೇಳುತ್ತಾರೆ. ಸಮುದ್ರದಾಚೆಯ ಋಣ ಬಾಯಿಪಾಠ, 120 ಕಿಲೋಮೀಟರ್ ದೂರದ ಋಣ ಜಾಣಮರೆವು!

ಅಧ್ಯಾಯ ಮೂರು: ಸಾಗಣೆಯ ನಿಯಮ

ಶಿರಾದಿಂದ ಹೋದದ್ದು ತೋಟದ ನಕ್ಷೆಯೊಂದೇ ಅಲ್ಲ. ಶ್ರೀರಂಗಪಟ್ಟಣದ ಪಕ್ಕದ ಗಂಜಾಮನ್ನು ತುಂಬಿಸಲು ಟಿಪ್ಪು ಇಲ್ಲಿಂದ 12,000 ಕುಟುಂಬಗಳನ್ನು ಎಬ್ಬಿಸಿಕೊಂಡು ಹೋದನೆಂದು ಚರಿತ್ರೆ ಹೇಳುತ್ತದೆ. ಉಳಿದದ್ದು ಹೊರಲಾಗದವು: ಕೋಟೆ, 1651ರ ಮಲಿಕ್ ರಿಹಾನ್ ಗೋರಿ, 1696ರ ಜುಮ್ಮಾ ಮಸೀದಿ. ಇದರಿಂದ ಹೊರಡುವ ಸೂತ್ರ: ಈ ಸೀಮೆಯಲ್ಲಿ ಹೊರಬಹುದಾದುದೆಲ್ಲ ರಾಜಧಾನಿಯದು, ಕಲ್ಲು ಮಾತ್ರ ನಮ್ಮದು.

ಸೂತ್ರ ಇಂದಿಗೂ ಊರ್ಜಿತ. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಬಿಸಿಲನ್ನೇ ಕೃಷಿ ಮಾಡಿ 2,050 ಮೆಗಾವ್ಯಾಟ್ ಬೆಳೆಯುವ ಸೋಲಾರ್ ಪಾರ್ಕ್ ಇದೆ. 240 ಎಕರೆಯ ಲಾಲ್‌ಬಾಗ್ ಅದರಲ್ಲಿ 54 ಸಲ ಹಿಡಿಯುತ್ತದೆ. ಬೆಳೆದ ಕರೆಂಟು ತಂತಿ ಹಿಡಿದು ಹೊರಟುಹೋಗುತ್ತದೆ. ಗುತ್ತಿಗೆ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಹಣವೂ ಇಲ್ಲ, ಕೂರಲು ಮರದ ನೆರಳೂ ಇಲ್ಲ.

ಅಧ್ಯಾಯ ನಾಲ್ಕು: ಲೆಕ್ಕ

ಆದರೂ ಪಾವಗಡ ನಮಗೊಂದು ದರ ಕೊಟ್ಟಿದೆ: ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ. ಲಾಲ್‌ಬಾಗಿನ 240 ಎಕರೆಗೂ ಕೈಚಾಚುವುದು ದುರಾಸೆಯಾದೀತು. ಹೈದರನ ಮೂಲ 40 ಎಕರೆಗಷ್ಟೇ ಹಿಡಿದರೆ ವರ್ಷಕ್ಕೆ 8,40,000. 1760ರಿಂದ 2020ರವರೆಗೆ 260 ವರ್ಷಕ್ಕೆ 21 ಕೋಟಿ 84 ಲಕ್ಷ. ಆಮೇಲಿನದು ಕೊರೊನಾ ರಿಯಾಯಿತಿ. ಬಡ್ಡಿ ಹಾಕಿಲ್ಲ, ಶಿರಾದವರು ಮರ್ಯಾದಸ್ಥರು.

ಫಲಶ್ರುತಿ

ಹಣ ಬರುವುದಿಲ್ಲವೆಂದು ಪ್ರಬಂಧಕಾರನಿಗೆ ಗೊತ್ತು. ಬದಲಿಗೆ ಶಿರಾ ಕೋಟೆಯ ಮಗ್ಗುಲಲ್ಲಿ ಒಂದು ಸಾರ್ವಜನಿಕ ತೋಟವಾದರೆ, ಅದಕ್ಕೆ ಲಾಲ್‌ಬಾಗಿನಿಂದ ಒಂದು ಲಾರಿ ಸಸಿ ಬಂದರೆ ಬಾಕಿ ಚುಕ್ತಾ ಎಂದು ಬರೆದುಕೊಡಲು ನಾವು ಸಿದ್ಧ. ಅಲ್ಲಿಯವರೆಗೆ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಓದುಗರು ಆಗಸ್ಟ್ 15ರ ಫಲಪುಷ್ಪ ಪ್ರದರ್ಶನಕ್ಕೆ ಟಿಕೆಟ್ ಕೊಳ್ಳದೆ ಹೋಗತಕ್ಕದ್ದು. ಗೇಟಿನಲ್ಲಿ ತಡೆದರೆ ಈ ಪ್ರಬಂಧ ತೋರಿಸಿ. ಆಗಲೂ ಬಿಡದಿದ್ದರೆ ಸುಮ್ಮನೆ ಟಿಕೆಟ್ ತೆಗೆದುಕೊಂಡು, ಅದನ್ನೂ ಬಾಕಿಗೆ ಸೇರಿಸಿ ಬರೆದಿಡಿ.