ನುಂಗುವವರಿಗೊಂದು ಕೈಪಿಡಿ

ಮೊದಲು ಒಂದು ಡಬ್ಬ ಗೊತ್ತುಮಾಡಿಕೊಳ್ಳಿ. ಬಿಸ್ಕತ್ತು ಬಂದಿದ್ದ ತಗಡಿನ ಡಬ್ಬವೇ ವಾಸಿ. ಪ್ಲಾಸ್ಟಿಕ್ಕಿನದಾದರೆ ಒಳಗೇನಿದೆ ಎಂದು ಸೊಸೆಗೆ ಕಾಣುತ್ತದೆ. ಅದನ್ನು ಫ್ರಿಜ್ಜಿನ ನೆತ್ತಿಯ ಮೇಲೆ, ಸದಾ ಬೆಚ್ಚಗಿರುವ ಜಾಗದಲ್ಲಿಡಿ. ತಂಪಾದ ಒಣ ಜಾಗದಲ್ಲಿಡಿ ಎಂದು ಬರೆದಿರುವುದು ಅಂಗಡಿಯವರಿಗೆ. ಇನ್ನು ಕತ್ತರಿ. ಸ್ಟ್ರಿಪ್ಪನ್ನು ಹೆಸರು, ತಾರೀಕು ಅಚ್ಚಾಗಿರುವ ತುದಿಯಿಂದಲೇ ಕತ್ತರಿಸಿಕೊಂಡು ಬನ್ನಿ. ಎರಡು ಸಲ ಕತ್ತರಿಸಿದ ಮೇಲೆ ಉಳಿಯುವುದು ಬರೀ ಬೆಳ್ಳಿ ಕಾಗದ, ಅದರ ಮೇಲೆ ಅರ್ಧ ಅಕ್ಷರ. ಆಮೇಲೆ ಅವಧಿ ಮುಗಿದಿದೆಯೆಂದು ಯಾರೂ ತಕರಾರು ತೆಗೆಯುವಂತಿಲ್ಲ. ಮಾತ್ರೆಯನ್ನು ಬಣ್ಣದಿಂದ ಗುರುತು ಹಿಡಿಯಿರಿ: ಗುಲಾಬಿಯದು ಬೆಳಿಗ್ಗೆ, ಬಿಳಿಯದು ರಾತ್ರಿ, ಸಣ್ಣ ಬಿಳಿಯದು ನೆನಪಾದಾಗ.

ಗಂಟಲು ಕೆರೆದ ದಿನವೇ ಕೆಲಸ ಶುರುಮಾಡಿ. ಡಾಕ್ಟರ ಹತ್ತಿರ ಹೋಗಬೇಡಿ. ಅಲ್ಲಿ ಟೋಕನ್ನು, ಫೀಸು, ಮೇಲೆ ನೂರೆಂಟು ಪ್ರಶ್ನೆ. ಹೋಗಲೇಬೇಕಾದರೆ ಕೈಗುಣ ಇರುವವರನ್ನು ಹುಡುಕಿ. ಕೈಗುಣ ಇರುವವರು ಹೋದ ಕೂಡಲೇ ಸೂಜಿ ಚುಚ್ಚುತ್ತಾರೆ. ‘ಏನೂ ಆಗಿಲ್ಲ, ಉಪ್ಪುನೀರು ಮುಕ್ಕಳಿಸಿ ಮಲಗಿ’ ಎನ್ನುವವರಿಗೆ ಓದು ಸಾಲದು. ಎಲ್ಲಕ್ಕಿಂತ ಸಲೀಸು, ನೇರವಾಗಿ ಮೆಡಿಕಲ್ ಶಾಪಿಗೆ ಹೋಗಿ ಕೌಂಟರಿಗೆ ಮೊಣಕೈ ಊರಿ, ‘ಸ್ವಲ್ಪ ಸ್ಟ್ರಾಂಗಾಗಿರೋದು ಕೊಡಪ್ಪ’ ಎನ್ನಿ. ಹುಡುಗ ಕೊಡುತ್ತಾನೆ. ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇದ್ದರೆ ಒಳ್ಳೆಯ ಮಾಲು ಎಂದು ತಿಳಿಯಿರಿ. ಚೀಟಿಯಿಲ್ಲದೆ ಇದನ್ನು ನುಂಗಬೇಡಿ ಎಂದು ಜನರಿಗೆ ತಿಳಿಸಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಪ್ರಚಾರ ಮಾಡಿತ್ತು. ನೀವು ಅದನ್ನು ಜಾಹೀರಾತು ಎಂದೇ ಓದಿಕೊಳ್ಳಿ.

ಒಂದು ಸಣ್ಣ ಅಡಚಣೆ ಬರಬಹುದು. ಸೆಫಿಕ್ಸಿಮ್, ಆಲ್ಪ್ರಜೋಲಾಮ್‌ನಂಥವು ಎಚ್1 ಪಟ್ಟಿಯಲ್ಲಿವೆ. 2014ರಿಂದ ಇವನ್ನು ಮಾರುವವರು ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟರೆಂಬ ಲೆಕ್ಕ ಎಲ್ಲವನ್ನೂ ಬೇರೆ ಪುಸ್ತಕದಲ್ಲಿ ಬರೆದು 3 ವರ್ಷ ಕಾಪಾಡಬೇಕು. ಅಂಗಡಿಯವರು ಆ ಪುಸ್ತಕ ತೆರೆದರೆ ಮುನಿಸಿಕೊಂಡು ಎದುರುಗಡೆಯ ಅಂಗಡಿಗೆ ನಡೆಯಿರಿ. ಪೇಟೆಯಲ್ಲಿ ಎದುರುಗಡೆ ಯಾವಾಗಲೂ ಇನ್ನೊಂದು ಮೆಡಿಕಲ್ ಶಾಪ್ ಇರುತ್ತದೆ.

ಆಂಟಿಬಯೋಟಿಕ್ ಎರಡು ದಿನ ನುಂಗಿ, ಜ್ವರ ಇಳಿದ ಕೂಡಲೇ ನಿಲ್ಲಿಸಿ. ಜ್ವರ ವೈರಸ್ಸಿನದಾಗಿದ್ದರೆ ಅದು ತಾನಾಗಿಯೇ ಇಳಿಯುತ್ತಿತ್ತು, ಮಾತ್ರೆಗೂ ಅದಕ್ಕೂ ಸಂಬಂಧವಿರಲಿಲ್ಲ. ಕೀರ್ತಿಯನ್ನು ಮಾತ್ರೆಗೇ ಕೊಡಿ. ಉಳಿದದ್ದನ್ನು ಡಬ್ಬಕ್ಕೆ ಹಾಕಿ, ಮುಂದಿನ ವಾರ ಎದುರುಮನೆಯವರ ಮಗುವಿಗೆ ಅರ್ಧ ಮಾಡಿ ಕೊಡಿ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣಕ್ಕೆ ನಿಂತಾಗ ಹೊಗಳಿಕೆಯ ಹೊತ್ತಿನಲ್ಲೂ ಒಂದು ಅಪಶಕುನ ನುಡಿದಿದ್ದರು. ಗಂಟಲು ನೋವಿನವನೊಬ್ಬ ತಾನೇ ಪೆನಿಸಿಲಿನ್ ಕೊಂಡು ಅರೆಬರೆ ತೆಗೆದುಕೊಳ್ಳುತ್ತಾನೆ, ಸಾಯದ ರೋಗಾಣುಗಳು ಮದ್ದಿಗೆ ಬಗ್ಗದಷ್ಟು ಪಳಗುತ್ತವೆ, ಅವು ಅವನ ಹೆಂಡತಿಗೆ ದಾಟುತ್ತವೆ, ಅವಳಿಗೆ ಪೆನಿಸಿಲಿನ್ ನಾಟದೆ ಅವಳು ತೀರಿಕೊಳ್ಳುತ್ತಾಳೆ. ಇದು ಕಲ್ಪಿಸಿ ಹೇಳಿದ ಉದಾಹರಣೆ, ಅದೂ ಸ್ಟಾಕ್‌ಹೋಮಿನಲ್ಲಿ ಹೇಳಿದ್ದು. ನಿಮ್ಮ ಬಡಾವಣೆಯ ಹೆಸರು ಅದರಲ್ಲಿಲ್ಲ. ಮುಂದುವರಿಯಿರಿ.

ಈಗ ಮುಖ್ಯವಾದ ಪಾಠ. ಮಾತ್ರೆ ಒಂಟಿಯಾಗಿರಲಾರದು, ಅದಕ್ಕೆ ಸಂಸಾರ ಬೇಕು. ಮೊಣಕಾಲು ನೋವಿಗೆ ದಿನಕ್ಕೆರಡರಂತೆ ಡೈಕ್ಲೋಫಿನ್ಯಾಕ್ ಶುರುಮಾಡಿ, ತಿಂಗಳುಗಟ್ಟಲೆ ಬಿಡಬೇಡಿ. ಅದು ಬಿಪಿ ಏರಿಸುತ್ತದೆ. ಬಿಪಿಗೆ ಆಮ್ಲೋಡಿಪಿನ್ ಬರೆಸಿಕೊಳ್ಳಿ. ಮೊಣಕಾಲಿನ ಮಾತ್ರೆಯ ವಿಷಯ ಅಲ್ಲಿ ಎತ್ತಬೇಡಿ. ಕೆಲವರಿಗೆ ಆಮ್ಲೋಡಿಪಿನ್‌ನಿಂದ ಪಾದ ಊದುತ್ತದೆ. ಊದಿದ ಪಾದವನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸಿ, ನೀರು ಹೋಗುವ ಮಾತ್ರೆ ಪಡೆಯಿರಿ. ಅದರಿಂದ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿ, ಒಂದು ನಡುರಾತ್ರಿ ಕಾಲಿನ ಹೆಬ್ಬೆರಳು ಕೆಂಪಗೆ ಬಾತು, ಹೊದಿಕೆ ತಗುಲಿದರೂ ಪ್ರಾಣ ಹೋಗುವಂತಾಗುತ್ತದೆ. ಹೆದರಬೇಡಿ. ನೋವಿನ ಮಾತ್ರೆ ಡಬ್ಬದಲ್ಲೇ ಇದೆಯಲ್ಲ, ಇನ್ನೊಂದು ಹೆಚ್ಚಿಗೆ ನುಂಗಿ. ಚಕ್ರ ಕೂಡಿತು, ಇನ್ನು ನೀವು ತಳ್ಳಬೇಕಾಗಿಲ್ಲ.

ಇಷ್ಟು ಮಾತ್ರೆಗೆ ಹೊಟ್ಟೆ ಉರಿಯುವುದು ಸಹಜ, ಪ್ಯಾಂಟೊಪ್ರಜೋಲ್ ಸೇರಿಸಿ. ಕೆಲವು ವಾರಗಳ ಮಟ್ಟಿಗೆ ಬರೆದದ್ದನ್ನು ವರ್ಷಗಟ್ಟಲೆ, ಬೆಳಗಿನ ಕಾಫಿಯಷ್ಟೇ ನಿಷ್ಠೆಯಿಂದ ನಡೆಸಿ. ಬಿ12 ಕುಸಿದು ಅಂಗಾಲು ಜುಮುಗುಟ್ಟಿದರೆ ‘ನರದ ವೀಕ್ನೆಸ್ಸು’ ಎಂದು ಅದಕ್ಕೊಂದು ಕೆಂಪು ಕ್ಯಾಪ್ಸೂಲ್ ತನ್ನಿ.

ಮೂತ್ರಪಿಂಡದ ಬಗ್ಗೆ ಯಾರಾದರೂ ಅಪಸ್ವರ ಎತ್ತಬಹುದು. ಡೈಕ್ಲೋಫಿನ್ಯಾಕ್ ಕೊಟ್ಟಿದ್ದ ದನಗಳು ಸತ್ತಾಗ ಅವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ರಾಶಿರಾಶಿಯಾಗಿ ಸತ್ತವು. 2006ರಲ್ಲಿ ಸರ್ಕಾರ ಅದನ್ನು ದನದ ಮದ್ದಿನಿಂದ ಕೈಬಿಡಿಸಿತು. ಅಳಿದುಳಿದ ಹದ್ದುಗಳಿಗೆಂದು ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ಧಾಮವಾಗಿ ಘೋಷಿಸಿದರು. ನೀವು ಹದ್ದಲ್ಲ. ಮನುಷ್ಯನ ಮೂತ್ರಪಿಂಡ ಗಟ್ಟಿ, ಕೆಡಲು ಸಾಕಷ್ಟು ಸಮಯ ತೆಗೆದುಕೊಳ್ಳುತ್ತದೆ.

ಡಬ್ಬ ತುಂಬಿ ಮುಚ್ಚಳ ಹಾಕಲಾಗದಾಗ, ‘ಈ ಇಂಗ್ಲಿಷ್ ಮದ್ದೆಲ್ಲ ಉಷ್ಣ’ ಎಂದು ಘೋಷಿಸಿ ನಿಸರ್ಗದ ಕಡೆ ತಿರುಗಿ. ಇಲ್ಲಿ ಅನೇಕರು ಎಡವುತ್ತಾರೆ. ಉಪ್ಪಿನಕಾಯಿ, ಹಪ್ಪಳ ಬಿಡುವುದು, ಸಂಜೆ ನಡೆಯುವುದು, ರಾತ್ರಿ ಹೊತ್ತಿಗೆ ಸರಿಯಾಗಿ ಮಲಗುವುದು, ತೂಕ ಇಳಿಸಿ ಮೊಣಕಾಲಿನ ಭಾರ ತಗ್ಗಿಸುವುದು, ಇಂಥದರಲ್ಲಿ ತೊಡಗಿಬಿಡುತ್ತಾರೆ. ಇವಕ್ಕೆ ಬಾಟಲಿ ಇಲ್ಲ, ಲೇಬಲ್ ಇಲ್ಲ, ಕೆಲವರಿಗೆ ಬಿಪಿ ನಿಜಕ್ಕೂ ಇಳಿದು ಡಾಕ್ಟರು ಮಾತ್ರೆ ಕಡಿಮೆ ಮಾಡಿಬಿಟ್ಟಿರುವುದೂ ಉಂಟು. ನುಂಗಲು ಬರದ್ದು ಚಿಕಿತ್ಸೆಯೇ ಅಲ್ಲ.

ಆದ್ದರಿಂದ ಕಷಾಯ ಕುದಿಸಿ, ಹಳೆಯ ಮಾತ್ರೆಗಳ ಮೇಲೆಯೇ ಕುಡಿಯಿರಿ. ಜ್ಯೇಷ್ಠಮಧು ಧಾರಾಳವಾಗಿರಲಿ, ದಿನವೂ ಹೆಚ್ಚು ಕುಡಿದರೆ ಬಿಪಿ ಏರಿ ಪೊಟ್ಯಾಸಿಯಂ ಇಳಿಯುತ್ತದೆ, ನೀರಿನ ಮಾತ್ರೆ ಆರಂಭಿಸಿದ ಕೆಲಸ ಪೂರ್ತಿಯಾಗುತ್ತದೆ. ಶುಗರ್ ಮಾತ್ರೆ ನುಂಗಿದ ಹೊಟ್ಟೆಗೆ ಹಾಗಲಕಾಯಿ ರಸ ಒಂದು ಲೋಟ ಸುರಿದು, ತಿಂಡಿ ತಪ್ಪಿಸಿ. ಕೈ ನಡುಗಿ ಬೆವರಿದರೆ ಮದ್ದು ಹಿಡಿಸಿತೆಂದು ಸಂತೋಷಪಡಿ. ಅಮೃತಬಳ್ಳಿಯ ವಿಚಾರದಲ್ಲಿ 2021ರಲ್ಲಿ ದೊಡ್ಡ ಜಗಳವೇ ಆಯಿತು. ಅದನ್ನು ಸೇವಿಸಿದ ಕೆಲವರ ಯಕೃತ್ತು ಕೆಟ್ಟಿದೆ ಎಂದು ಮುಂಬೈಯ ವೈದ್ಯರು ವರದಿ ಮಾಡಿದರು. ಅವರು ಸೇವಿಸಿದ್ದು ಅದೇ ಬಳ್ಳಿಯೇ, ಅದನ್ನೇ ಹೋಲುವ ಬೇರೆಯದೇ ಎಂದು ಆಯುಷ್ ಸಚಿವಾಲಯ ಕೇಳಿತು. ನೀವು ಯಾರ ಪಕ್ಷವನ್ನೂ ವಹಿಸಬೇಡಿ. ಪಕ್ಕದ ಕಾಂಪೌಂಡಿನ ಮೇಲೆ ಹೃದಯದ ಆಕಾರದ ಎಲೆಯಿರುವ ಯಾವುದಾದರೂ ಬಳ್ಳಿ ಹಬ್ಬಿದ್ದರೆ ಕಿತ್ತು ತನ್ನಿ.

ಶುಗರನ್ನು ಬುಡಸಮೇತ ಕೀಳುತ್ತೇವೆ ಎನ್ನುವ ಜಾಹೀರಾತನ್ನು ಮಾತ್ರ ನಂಬಿ. ಮಧುಮೇಹ ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೊಂದು ನಿಷೇಧಿಸಿದೆ. ಕಾಯಿದೆಗೆ ಹೆದರದವನ ಮದ್ದು ರೋಗಕ್ಕೆ ಹೆದರೀತೆ?

ಉತ್ಸಾಹ ಹೆಚ್ಚಾದ ದಿನ ಎಲ್ಲ ಮಾತ್ರೆಗಳನ್ನೂ ಒಂದೇ ಏಟಿಗೆ ನಿಲ್ಲಿಸಿ. ಡಾಕ್ಟರನ್ನು ಕೇಳಿದರೆ ಇದನ್ನು ಇಷ್ಟಿಷ್ಟೇ ಇಳಿಸೋಣ, ಅದನ್ನು ಬಿಡುವುದೇ ಬೇಡ ಎಂದು ತಿಂಗಳುಗಟ್ಟಲೆ ಎಳೆಯುತ್ತಾರೆ. ನಿದ್ದೆ ಮಾತ್ರೆ ಬಿಟ್ಟ ಮೂರನೇ ರಾತ್ರಿ ಗೋಡೆಯ ಮೇಲೆ ಇರುವೆ ಹರಿದಂತೆ ಕಂಡರೆ, ಎದೆಬಡಿತದ ಮಾತ್ರೆ ಬಿಟ್ಟು ಎದೆ ಹೊಡೆದುಕೊಂಡರೆ, ದೇಹ ವಿಷ ಹೊರಹಾಕುತ್ತಿದೆ ಎಂದು ಮನೆಯವರಿಗೆ ಸಮಾಧಾನ ಹೇಳಿ.

ಕೊನೆಯದು, ಕ್ಯಾಶುವಾಲ್ಟಿಯಲ್ಲಿ ನಡೆದುಕೊಳ್ಳುವ ರೀತಿ. ಡ್ಯೂಟಿ ಡಾಕ್ಟರು ‘ಯಾವ್ಯಾವ ಮಾತ್ರೆ ತಗೋತಿದ್ದೀರ ಯಜಮಾನ್ರೆ?’ ಎಂದು ಕೇಳುತ್ತಾರೆ. ‘ಏನೂ ಇಲ್ಲ ಸಾರ್, ಒಂದು ಬಿಪಿದು, ಅಷ್ಟೆ’ ಎನ್ನಿ. ಕಷಾಯ ಮದ್ದಲ್ಲ, ಮನೆಯದು. ನೋವಿನ ಮಾತ್ರೆ ಅಂಗಡಿಯದು, ಯಾರೂ ಬರೆದುಕೊಟ್ಟದ್ದಲ್ಲ. ಆದ್ದರಿಂದ ನೀವು ಸುಳ್ಳು ಹೇಳಿದಂತಾಗಲಿಲ್ಲ. ಸೊಸೆ ‘ಮಾವ, ಆ ಡಬ್ಬ ತಂದಿದ್ದೀನಿ’ ಎಂದು ಚೀಲಕ್ಕೆ ಕೈ ಹಾಕಿದರೆ ಕಣ್ಣಲ್ಲೇ ಗದರಿಸಿ. ಡಿಸ್ಚಾರ್ಜಿನ ದಿನ ಹೊಸ ಚೀಟಿ ಸಿಗುತ್ತದೆ. ಅದರಲ್ಲಿ ಹಳೆಯ ಮಾತ್ರೆ ಯಾವುದು ಬಿಡಬೇಕು ಎಂದು ಕೇಳಬೇಡಿ. ನೇರ ಔಷಧಿ ಕೌಂಟರಿಗೆ ಇಳಿಯಿರಿ, ಹನ್ನೆರಡರ ಮೇಲೆ ಅಲ್ಲಿ ಸಾಲು ಉದ್ದವಾಗುತ್ತದೆ.