ದೋಣಿಗೊಂದು ಗೋಪುರ

ಕೋಲ್ಕತ್ತಾದ ಫ್ಲ್ಯಾಟುಗಳಲ್ಲಿ ಕಾರು ನಿಲ್ಲಿಸುವ ಜಾಗಕ್ಕಿರುವ ಮರ್ಯಾದೆ ಕಾರಿಗೂ ಇಲ್ಲ. ಲೇಕ್ ಗಾರ್ಡನ್ಸ್‌ನ ನಮ್ಮ ಕಟ್ಟಡದಲ್ಲಿ ಅಂಥದೊಂದು ಜಾಗ ನನಗಿತ್ತು, ಕಾರಿರಲಿಲ್ಲ. ಹಾಗಾಗಿ ದೋಣಿ ತಂದು ನಿಲ್ಲಿಸಿದೆ. ಬ್ಯಾರಕ್‌ಪುರದ ಕಡೆ ಗಂಗೆಯ ದಂಡೆಯಲ್ಲಿದ್ದ ಹಳೇ ತೋಟದ ಬಂಗಲೆಯೊಂದನ್ನು ಕೆಡವುವಾಗ ಬಾಗಿಲು, ಕಿಟಕಿ, ಅಮೃತಶಿಲೆಯ ಜೊತೆ ಹದಿನಾಲ್ಕು ಅಡಿಯ ಒಂದು ಫೈಬರ್ ದೋಣಿಯೂ ಮಾರಾಟಕ್ಕೆ ಬಂದಿತ್ತು. ಬಾಗಿಲು ಕಿಟಕಿಗಳನ್ನು ಬುದ್ಧಿವಂತರು ಕೊಂಡುಕೊಂಡರು.

"ಮಳೆಗಾಲದಲ್ಲಿ ಠನ್‌ಠನಿಯಾ ಕಡೆ ರಸ್ತೆಯೇ ಹೊಳೆಯಾಗುತ್ತೆ. ನಮ್ಮ ಬೀದಿಗೂ ನೀರು ಬಂದರೆ?" ಎಂದು ಮನೆಯಲ್ಲಿ ವಾದ ಮಂಡಿಸಿದೆ.

"ಬರಲಿ ಬಿಡಿ, ಲೇಕ್ ಮಾರ್ಕೆಟ್ಟಿಗೆ ಹೋಗಿ ತೊಂಡೆಕಾಯಿ ತನ್ನಿ" ಎಂದಳು ಹೆಂಡತಿ.

ವಿಷಯ ಅಲ್ಲಿಗೇ ತಣ್ಣಗಾಗುತ್ತಿತ್ತು, ಅವಳ ತಮ್ಮ ಮೂಲ್ಕಿಯಿಂದ ಅತ್ತೆಯನ್ನು ಕರೆದುಕೊಂಡು ಬರದಿದ್ದರೆ. 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾದ ಮೇಲೆ ಮೂಲ್ಕಿಯ ಹುಡುಗರಿಗೆ ಹಲಗೆ ಕಂಡರೆ ಅದರ ಮೇಲೆ ನಿಲ್ಲಬೇಕೆನಿಸುತ್ತದೆ. ನನ್ನ ಭಾವಮೈದ ದೋಣಿಯ ಸುತ್ತ ಪ್ರದಕ್ಷಿಣೆ ಹಾಕಿ, "ಭಾವ, ಎಲ್ಲ ಸರಿ, ಟವರ್ ಎಲ್ಲಿ?" ಎಂದ.

ಅವನು ಕೇಳಿದ್ದು ವೇಕ್‌ಬೋರ್ಡ್ ಟವರ್. ಓಡುವ ದೋಣಿಯ ಹಿಂದೆ ಹಗ್ಗ ಹಿಡಿದು, ಹಲಗೆಯ ಮೇಲೆ ನಿಂತು, ದೋಣಿ ಎಬ್ಬಿಸಿದ ಅಲೆಯನ್ನೇರಿ ಜಿಗಿಯುವುದು ಈ ಆಟ. 1985ರಲ್ಲಿ ಅಮೆರಿಕದ ಟೋನಿ ಫಿನ್ 'ಸ್ಕರ್ಫರ್' ಎಂಬ ಹಲಗೆ ಮಾಡಿದ ಮೇಲೆ ಬೆಳೆದದ್ದು. ಹಗ್ಗವನ್ನು ದೋಣಿಯ ಹಿಂಬದಿಗೆ ತಗ್ಗಿನಲ್ಲಿ ಕಟ್ಟಿದರೆ ಅದು ಆಟಗಾರನನ್ನು ನೀರಿನತ್ತ ಜಗ್ಗುತ್ತದೆ. ಆಳೆತ್ತರದ ಕಮಾನಿಗೆ ಕಟ್ಟಿದರೆ ಮೇಲಕ್ಕೆತ್ತುತ್ತದೆ. ಆ ಕಮಾನೇ ಟವರ್. ಬ್ಯಾಂಕಿನಲ್ಲಿ ಬಡ್ತಿ ನಿಂತು ಹೋದ ನನ್ನಂಥವನಿಗೆ ಮೇಲಕ್ಕೆತ್ತುವ ಯೋಜನೆ ಯಾವುದಾದರೂ ಆದೀತು.

ಫೈಬರ್ ದೋಣಿಯೆಂದರೆ ಗಾಜಿನ ಎಳೆಗಳ ಚಾಪೆಗೆ ರಾಳ ಮೆತ್ತಿ ಗಟ್ಟಿ ಮಾಡಿದ ಚಿಪ್ಪು. ಹೊಳಪಿಗೆ ಹೊರಗೊಂದು ಜೆಲ್‌ಕೋಟ್ ಪದರ. ನಮ್ಮದರಲ್ಲಿ ಬಲಕ್ಕೆಂದು ಅಂಚಿನ ಪದರಗಳ ನಡುವೆ ಪ್ಲೈವುಡ್ಡನ್ನೂ ಇಟ್ಟಿದ್ದರು. ಟವರಿನ ಕಾಲುಗಳನ್ನು ಬರೀ ಸ್ಕ್ರೂ ಹೊಡೆದು ನಿಲ್ಲಿಸಿದರೆ ಎಳೆತಕ್ಕೆ ಕಿತ್ತು ಬರುತ್ತವೆ. ಬೋಲ್ಟು ಆರಪಾರ ಹೋಗಬೇಕು, ಕೆಳಗಡೆ ಅಗಲವಾದ ಲೋಹದ ಪಟ್ಟಿ ಕೊಟ್ಟು ನಟ್ಟು ಬಿಗಿಯಬೇಕು, ತೂತಿಗೆ ದೋಣಿಗೆಂದೇ ಬರುವ ಸೀಲೆಂಟ್ ತುಂಬಬೇಕು. ಇಲ್ಲವಾದರೆ ನೀರಿಳಿದು ಒಳಗಿನ ಮರ ಕೊಳೆಯುತ್ತದೆ. ಈಗಾಗಲೇ ಕೊಳೆತಿದೆಯೋ ಎಂದು ತಿಳಿಯಲು ನಾಣ್ಯದಿಂದ ತಟ್ಟಬೇಕು. ಟಣ್ ಎಂದರೆ ಗಟ್ಟಿ, ದಬ್ ಎಂದರೆ ಕೊಳೆತ.

ನಾವಿಬ್ಬರೂ ಹತ್ತು ರೂಪಾಯಿ ನಾಣ್ಯ ಹಿಡಿದು, ಕೇಳಿಸಿದ್ದು ಟಣ್ಣೋ ದಬ್ಬೋ ಎಂದು ಜಗಳವಾಡುತ್ತಿದ್ದಾಗ ಅತ್ತೆ ಕೆಳಗಿಳಿದು ಬಂದರು. ತೆಂಗಿನಕಾಯಿ ಆರಿಸುವಂತೆ ಬೆರಳ ಗೆಣ್ಣಿನಿಂದ ಕುಟ್ಟುತ್ತ, ಕಿವಿಗೊಡುತ್ತ ಒಂದು ಸುತ್ತು ಬಂದರು. ಹಿಂದಿನ ಎಡಮೂಲೆಯಲ್ಲಿ ನಿಂತು, "ಇಲ್ಲಿ ಕೊಳೆತಿದೆ" ಎಂದರು. ಫೈಬರ್ ವಿಷಯ ಅವರಿಗೇನು ಗೊತ್ತು ಎಂದು ನಾವು ಕಣ್ಣಲ್ಲೇ ನಕ್ಕೆವು. ಆಮೇಲೆ ಡ್ರಿಲ್ ಹಾಕಿದಾಗ ಆ ಮೂಲೆಯಿಂದ ಮಾತ್ರ ಕಪ್ಪಗಿನ ಹಸಿ ಹುಡಿ ಬಂತು. ಅತ್ತೆ ಏನೂ ಹೇಳಲಿಲ್ಲ. ಹೇಳಿದ್ದರೆ ಎಷ್ಟೋ ವಾಸಿಯಿತ್ತು.

ಹೊರದೇಶದ ಟವರ್ ತರಿಸಿದರೆ ಅದರ ಬೆಲೆಗೆ ಇಂಥ ದೋಣಿ ಹಲವು ಬರುತ್ತಿದ್ದವು. ಹಾಗಾಗಿ ಓಣಿಯ ಗ್ರಿಲ್ ಮಿಸ್ತ್ರಿಯನ್ನು ಕರೆಸಿದೆ. ಮಣ್ಣಿನ ಭಾಂಡ್‌ನಲ್ಲಿ ಚಹಾ ಹೀರುತ್ತ ದೋಣಿ ನೋಡಿದ ಆತ, "ಇದರಲ್ಲಿ ಯಾವ ಠಾಕೂರ್ ಕೂರೋದು ದಾದಾ?" ಎಂದು ಭಕ್ತಿಯಿಂದ ಕೇಳಿದ. ಕಮಾನು ಕಂಡರೆ ಅದರ ಕೆಳಗೆ ದೇವರನ್ನು ಕೂರಿಸುವುದು ಈ ಊರಿನ ರೂಢಿ. "ದೇವರಲ್ಲಪ್ಪ, ಇದಕ್ಕೆ ಹಗ್ಗ ಕಟ್ಟಿ ನನ್ನನ್ನು ಎಳೆಯೋದು" ಎಂದೆ. ಆತ ಬೀಡಿ ಕೆಳಗೆ ಹಾಕಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಚೀಟಿಯಲ್ಲಿ ಬರೆದಿದ್ದ ಪೈಪಿನ ಸೈಜನ್ನು ಹೊಡೆದು ಹಾಕಿ ಮುಂದಿನ ಸೈಜು ಬರೆದುಕೊಂಡ.

ಆಗ ಸೆಪ್ಟೆಂಬರ್. ಕೋಲ್ಕತ್ತಾದಲ್ಲಿ ಸೆಪ್ಟೆಂಬರಿನಲ್ಲಿ ಕೆಲಸ ಹೇಳುವವನು ಒಂದೋ ಹೊಸಬ, ಇಲ್ಲವೇ ನಾನು. 17ಕ್ಕೆ ವಿಶ್ವಕರ್ಮ ಪೂಜೆ. ವೆಲ್ಡಿಂಗ್ ಮೆಷೀನು ದೇವರ ಮುಂದೆ, ಮಿಸ್ತ್ರಿ ತಾರಸಿಯ ಮೇಲೆ, ಅವನ ಗಾಳಿಪಟ ಆಕಾಶದಲ್ಲಿ. ನಮ್ಮೂರಿನಲ್ಲಿ ಆಯುಧಪೂಜೆ ಮುಗಿದರೆ ಹತ್ಯಾರು ಮತ್ತೆ ಕೈಗೆ ಬರುತ್ತದೆ. ಇಲ್ಲಿ ವಿಶ್ವಕರ್ಮನ ಬೆನ್ನಿಗೆ ಮಹಾಲಯ, ದುರ್ಗೆ, ಲಕ್ಷ್ಮಿ, ಕಾಳಿ, ಭಾಯ್ ಫೋಟಾ, ಜಗದ್ಧಾತ್ರಿ. ಕೋಲ್ಕತ್ತಾದ ದುರ್ಗಾಪೂಜೆ 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದರಿಂದ ಮಿಸ್ತ್ರಿಯ ರಜೆಗೂ ಅಂತರರಾಷ್ಟ್ರೀಯ ಮಾನ್ಯತೆ ಬಂದಂತಾಗಿದೆ. ಫೋನು ಮಾಡಿದಾಗಲೆಲ್ಲ "ಪೂಜೋರ್ ಪೊರೆ", ಪೂಜೆ ಆದ ಮೇಲೆ, ಎನ್ನುತ್ತಿದ್ದ. ಯಾವ ಪೂಜೆ ಎಂದು ಒಮ್ಮೆಯೂ ಹೇಳಲಿಲ್ಲ.

ಟವರ್ ಬಂದಾಗ ಚಳಿ ಬಿದ್ದಿತ್ತು. ಕೊರೆಯುವ ಕೆಲಸವನ್ನು ಯಾರಿಗೂ ಬಿಟ್ಟುಕೊಡದೆ ನಾನೇ ವಹಿಸಿಕೊಂಡೆ. ಜೆಲ್‌ಕೋಟ್ ಗಾಜಿನ ಹಾಗೆ ಸಿಡಿಯುವ ಪದಾರ್ಥ. ಮೇಲೆ ಟೇಪು ಅಂಟಿಸಿ, ಮೊದಲು ಡ್ರಿಲ್ಲನ್ನು ಹಿಮ್ಮುಖವಾಗಿ ತಿರುಗಿಸಿ ಪದರವನ್ನು ಸವೆಸಿ, ಆಮೇಲೆ ಮುಮ್ಮುಖವಾಗಿ ಇಳಿಸಬೇಕು. ತೂತಿನ ಬಾಯನ್ನು ಸ್ವಲ್ಪ ಅಗಲಿಸದಿದ್ದರೆ ಬೋಲ್ಟು ಬಿಗಿದಾಗ ಸುತ್ತ ಬಿರುಕು ಬಿಡುತ್ತದೆ. ಮೂಗಿಗೆ ಮಾಸ್ಕು, ಕಣ್ಣಿಗೆ ಕನ್ನಡಕ ಎಲ್ಲ ಶಾಸ್ತ್ರೋಕ್ತವಾಗಿತ್ತು. ಮಿಕ್ಕ ದೇಹದ ರಕ್ಷಣೆಗೆ ಬನಿಯನ್ನು, ಲುಂಗಿ.

ಸಂಜೆ ಆ ಲುಂಗಿಯನ್ನು ವಾಷಿಂಗ್ ಮೆಷೀನಿಗೆ ಹಾಕಿದೆ. ಅದರಲ್ಲಿ ಆಗಲೇ ಹೆಂಡತಿಯ ಶಾಂತಿಪುರದ ತಾಂತ್ ಸೀರೆ, ಅತ್ತೆಯ ರವಿಕೆಗಳು, ಭಾವಮೈದನ ಒಳಉಡುಪು ಇದ್ದವು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಇಡೀ ಮನೆ ಕೆರೆದುಕೊಳ್ಳುತ್ತಿತ್ತು. ಭಾವಮೈದ ಬಾಗಿಲ ಚೌಕಟ್ಟಿಗೆ ಬೆನ್ನುಜ್ಜುತ್ತ ಮೇಲೆ ಕೆಳಗೆ ಆಡುತ್ತಿದ್ದ. "ಪಿತ್ತದ ಗಂದೆ. ಈ ಊರಿನ ಸಾಸಿವೆ ಎಣ್ಣೆಯೇ ಕಾರಣ" ಎಂದು ನಿದಾನ ಹೇಳಿದ ಅತ್ತೆ, ಊರಿನಿಂದ ತಂದಿದ್ದ ಕರಿ ಕಂಬಳಿ ತೆಗೆದು ಎಲ್ಲರ ಮೈ ಉಜ್ಜಿದರು. ಗಂದೆಗೆ ಕಂಬಳಿ ರಾಮಬಾಣವಂತೆ. ಗಾಜಿನ ಎಳೆ ಹೊಕ್ಕ ಚರ್ಮವನ್ನು ಮಾತ್ರ ಉಜ್ಜಲೇಬಾರದು, ಉಜ್ಜಿದಷ್ಟೂ ಎಳೆ ಒಳಗಿಳಿಯುತ್ತದೆ. ಹರಿಯುವ ತಣ್ಣೀರಿನಲ್ಲಿ ತೊಳೆದು, ಅಂಟುವ ಟೇಪಿನಿಂದ ಎಳೆ ಎತ್ತಬೇಕು. ಇಷ್ಟೆಲ್ಲ ಗೊತ್ತಿದ್ದರೂ ಹಿರಿಯರ ವೈದ್ಯಕ್ಕೆ ಅಡ್ಡ ಬರುವ ಅಳಿಯ ನಾನಲ್ಲ.

ಗುಟ್ಟು ರಟ್ಟು ಮಾಡಿದ್ದು ಬಾಲ್ಕನಿಯ ಬಿಸಿಲು. ಹಗ್ಗದ ಮೇಲಿದ್ದ ಲುಂಗಿ ಮಿನುಗುತ್ತಿರುವುದನ್ನು ಹೆಂಡತಿ ಕಂಡಳು. ಮದುವೆಯಾದಾಗಿನಿಂದ ನನಗೆ ಸೇರಿದ ಯಾವ ವಸ್ತುವೂ ಮಿನುಗಿದ್ದನ್ನು ಕಾಣದವಳು ಅವಳು. "ರೀ, ಇಲ್ಲಿ ಬನ್ನಿ" ಎಂದ ದನಿಗೇ ನನ್ನ ತುರಿಕೆ ನಿಂತು ಹೋಯಿತು. ಮುಂದಿನ ಸಂಭಾಷಣೆ ಪ್ರಕಟಣೆಗೆ ಯೋಗ್ಯವಲ್ಲ. ಖಾಲಿ ಮೆಷೀನನ್ನು ಮತ್ತೆ ಮತ್ತೆ ತಿರುಗಿಸಿ ತೊಳೆದವನು ನಾನು, ತಾಂತ್ ಸೀರೆಗಳು ಹೊಸತು ಬಂದವು ಎಂದಷ್ಟೇ ಹೇಳಬಲ್ಲೆ.

ಟವರ್ ಮಾತ್ರ ನಿಂತಿತು. ಆಗ ಎದ್ದ ಪ್ರಶ್ನೆ, ನೀರೆಲ್ಲಿ? ಮನೆಯ ಹತ್ತಿರವೇ ರವೀಂದ್ರ ಸರೋವರ. 1920ರ ದಶಕದಲ್ಲಿ ಕಲ್ಕತ್ತಾ ಇಂಪ್ರೂವ್‌ಮೆಂಟ್ ಟ್ರಸ್ಟ್ ತೋಡಿಸಿದ ಕೆರೆ. 1858ರಲ್ಲಿ ಹುಟ್ಟಿದ ಕಲ್ಕತ್ತಾ ರೋಯಿಂಗ್ ಕ್ಲಬ್ಬಿನವರು ಅಲ್ಲಿ ಹುಟ್ಟು ಹಾಕುತ್ತಾರೆ. ಹುಟ್ಟಿಗೆ ಸ್ವಾಗತ, ಪೆಟ್ರೋಲು ಕುಡಿದು ಹೊಗೆ ಬಿಡುವ ಎಂಜಿನ್‌ಗೆ ಅಲ್ಲಿ ಜಾಗವಿಲ್ಲ. ಉಳಿದದ್ದು ಗಂಗೆ. ಅಲ್ಲಿ ಫೆರಿಗಳ ಸಾಲು, ಡೀಸೆಲ್ ಎಂಜಿನ್ನಿನ ಭಟ್‌ಭಟಿ ದೋಣಿಗಳು, ಭರತದ ಜೊತೆ ಗೋಡೆಯಂತೆ ನುಗ್ಗುವ 'ಬಾನ್' ಅಲೆ, ವಿಸರ್ಜನೆಯಾದ ದೇವರ ಬಿದಿರು. ಅಷ್ಟು ಸಾಲದೆ 2021ರ ಒಳನಾಡು ಹಡಗು ಕಾಯಿದೆಯ ಪ್ರಕಾರ ಎಂಜಿನ್ ಇರುವ ದೋಣಿಗೆ ತಪಾಸಣೆ, ನೋಂದಣಿ ಬೇರೆ. ಇಷ್ಟಕ್ಕೂ ವೇಕ್‌ಬೋರ್ಡಿಗೆ ದೋಣಿ ಗಂಟೆಗೆ 30 ಕಿಲೋಮೀಟರಿಗೂ ಮೇಲೆ ಓಡಬೇಕು. ನಮ್ಮ ಎಂಜಿನ್ 8 ಕುದುರೆಯದು. "ಕುದುರೆಗಳನ್ನು ಯಾಕೆ ಸಾಯಿಸ್ತೀರಿ?" ಎಂದಳು ಹೆಂಡತಿ.

ಸರಸ್ವತಿ ಪೂಜೆಗೆ ಓಣಿಯ ಹುಡುಗರು ಬಂದು, ಮೈಕು ಕಟ್ಟಲು ಟವರ್ ಕೇಳಿದರು. ಬೋಲ್ಟು ಬಿಚ್ಚದೆ ದೋಣಿಯನ್ನೇ ಟ್ರೇಲರ್ ಸಮೇತ ತಳ್ಳಿಕೊಂಡು ಹೋದರು. ಎರಡು ದೊಡ್ಡ ಸ್ಪೀಕರ್ ಹೊತ್ತರೂ ಕಮಾನು ಒಂದಿಷ್ಟೂ ಅಲುಗಲಿಲ್ಲ. ಮಿಸ್ತ್ರಿ ಬಂದು ನೋಡಿ, "ದಾದಾನ ತೂಕಕ್ಕೆ ಮಾಡಿದ್ದು" ಎಂದು ಎಲ್ಲರೆದುರು ಹೆಮ್ಮೆಪಟ್ಟ.

ದೋಣಿಗೆ ಟವರ್ ಕೂರಿಸುವ ಹಂಬಲವಿರುವ ಓದುಗರಿಗೆ ಹೇಳುವುದಿಷ್ಟೇ. ಮೊದಲು ನೀರು ಹುಡುಕಿ, ಆಮೇಲೆ ಎಂಜಿನ್, ಕಟ್ಟಕಡೆಗೆ ಟವರ್. ತಟ್ಟಿ ನೋಡುವ ಕೆಲಸವನ್ನು ಅತ್ತೆಗೆ ಬಿಡಿ. ಕೊರೆಯುವ ದಿನ ಉಟ್ಟ ಲುಂಗಿಯನ್ನು ಬೇರೆ ಬಕೆಟ್ಟಿನಲ್ಲಿ, ನೀವೇ ಒಗೆಯಿರಿ.